ಕರಿ ಸೀರೆಯ ಮೇಲಿನ ಕೊಕ್ಕರೆಗಳು

ಚಳಿಗಾಲದಲ್ಲಿ ಧಾರವಾಡದ ಆಚೆಯ ಕಡಲೆ ಹೊಲಗಳಿಗೆ ಬೂದು ಬಣ್ಣದ ದೊಡ್ಡ ಕೊಕ್ಕರೆಗಳು ಇಳಿಯುತ್ತವೆ. ಅವು ಬಹಳ ಎತ್ತರದಲ್ಲಿ ಬರುತ್ತವೆ. ಕಣ್ಣಿಗೆ ಕಾಣುವ ಮೊದಲೇ ಕೂಗು ಕೇಳಿಸುತ್ತದೆ. ಸಾಲೆಯಲ್ಲಿ ಪಾಠ ಹೇಳುವಾಗ ಆ ಕೂಗು ಕಿಟಕಿಯಿಂದ ಬಂದರೆ ನಾನು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತೇನೆ. ಹುಡುಗಿಯರಿಗೆ ಅದು ರೂಢಿಯಾಗಿದೆ. ಅಕ್ಕೋರಿಗೆ ತಲೆ ಸುತ್ತಿ ಬಂತು ಎಂದು ಪಿಸುಗುಟ್ಟಿಕೊಂಡು ಒಬ್ಬಳು ನೀರು ತರುತ್ತಾಳೆ. ತಲೆ ಸುತ್ತುವುದಿಲ್ಲ. ಹಿಂದಿನಿಂದ ಜನ ಓಡಿ ಬರುತ್ತಿದ್ದಾರೆ ಎನಿಸುತ್ತದೆ, ಅಷ್ಟೆ.

ಆ ಹಕ್ಕಿಯ ವಿಷಯ ನನಗೆ ಮೊದಲು ತಿಳಿಸಿದವನು ಒಬ್ಬ ಚೀನಿಯವನು. ರೇಶ್ಮೆ ಅರಿವೆ ಮಾರುತ್ತಿದ್ದ. ಹುಬ್ಬಳ್ಳಿ ಸ್ಟೇಶನ್ನಿನ ಹತ್ತಿರ ಒಂದು ಖೋಲಿ ಹಿಡಿದುಕೊಂಡು, ಸೈಕಲ್ಲಿನ ಹಿಂದೆ ದೊಡ್ಡ ಗಂಟು ಬಿಗಿದು, ದೀಪಾವಳಿಯಾದ ಮೇಲೆ ಓಣಿ ಓಣಿ ತಿರುಗುತ್ತಿದ್ದ. ಅದೇ ಊರಿನ ನಮ್ಮ ಓಣಿಗೆ ಬರುತ್ತ ಎಷ್ಟೋ ವರ್ಷವಾಗಿತ್ತು. ಅವನ ಹೆಸರು ನಮ್ಮ ನಾಲಿಗೆಗೆ ಹೊಂದಲಿಲ್ಲ. ನನ್ನ ಮೌಶಿ ಅವನನ್ನು ಚೀನಪ್ಪ ಎಂದಳು. ಓಣಿಯೆಲ್ಲ ಹಾಗೆಯೇ ಕರೆಯಿತು.

ಮೌಶಿ ನನ್ನ ತಾಯಿಯ ತಂಗಿ. ಚಿಕ್ಕಂದಿನಲ್ಲೇ ಗಂಡ ತೀರಿಕೊಂಡು ನಮ್ಮ ಮನೆ ಸೇರಿದವಳು. ನನ್ನ ತಾಯಿ ಹೋದ ಮೇಲೆ ಅಕ್ಕನನ್ನೂ ನನ್ನನ್ನೂ ಬೆಳೆಸಿದವಳು ಅವಳೇ. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಅವಳು ಓಣಿಗೆ ಇಳಿಯುತ್ತಿರಲಿಲ್ಲ. ಕೆಲಸಕ್ಕೆ ಹೊರಟವರಿಗೆ ಅವಳು ಎದುರಾಗಬಾರದು. ಮಡಿಯಲ್ಲಿರುವಾಗ ಅವಳನ್ನು ಯಾರೂ ಮುಟ್ಟಬಾರದು. ಹೀಗೆ ಎರಡೂ ಕಡೆಯಿಂದ ಬೇಲಿ. ಆದರೆ ಊರಿನಲ್ಲಿ ಅವಳಷ್ಟು ನಯವಾಗಿ ಕಸೂತಿ ಹಾಕುವವರು ಇರಲಿಲ್ಲ. ಲಗ್ನದ ಸೀರೆ, ಕುಬಸ, ಕೂಸುಗಳ ತಲೆಗೆ ಕಟ್ಟುವ ಕುಂಚಿಗೆ ಎಲ್ಲ ಅವಳ ಕೈಗೇ ಬರುತ್ತಿದ್ದವು. ಅವಳು ಹಾಕಿದ ಗೋಪುರ, ತೊಟ್ಟಿಲು, ಗಿಳಿಗಳೇ ಊರೆಲ್ಲ ತಿರುಗಾಡಿ ಬರುತ್ತಿದ್ದವು.

ಚೀನಪ್ಪ ಬಂದಾಗ ಅವಳು ಹೊಸ್ತಿಲ ಒಳಗೆ, ಅವನು ಹೊರಗೆ ಕಟ್ಟೆಯ ಮೇಲೆ. ಕೊಳ್ಳುವುದು ಕಡಿಮೆ, ನೋಡುವುದು ಹೆಚ್ಚು. ಒಂದು ಸಲ ಅವನು ನೀಲಿ ರೇಶ್ಮೆಯ ತುಂಡೊಂದನ್ನು ಹರವಿದ. ಅದರ ಮೇಲೆ ಬಿಳಿ ಹಕ್ಕಿ, ಉದ್ದ ಕತ್ತು, ನೆತ್ತಿಯ ಮೇಲೆ ಕೆಂಪು ಬೊಟ್ಟು.

"ಇದೇನೋ ಚೀನಪ್ಪಾ, ಬಕ ಪಕ್ಷಿ ತಂದು ರೇಶ್ಮಿ ಮ್ಯಾಲ ಕೂಡಿಸೀದಿ?" ಎಂದಳು ಮೌಶಿ. "ನಮ್ಮಲ್ಲಿ ಬಕ ಅಂದ್ರ ಕಳ್ಳ ಸನ್ಯಾಸಿ. ಒಂದ ಕಾಲ ಮ್ಯಾಲ ನಿಂತು ಧ್ಯಾನಾ ಮಾಡ್ತದ, ಮೀನ ಬಂತಂದ್ರ ಗುಳುಂ."

"ನಿಮ್ಮ ದೇಶದಾಗ ಪಾಪ ಬದ್ನಾಮ್ ಆಗೇದ ಬಾಯೀ. ನಮ್ಮ ದೇಶದಾಗ ಇಂವಾ ಬಡಾ ಸಾಹೇಬ. ಸಾವಿರ ವರ್ಷ ಬದುಕತಾನ."

"ಸಾವಿರ ವರ್ಷ ಎಣಿಸಿದವ್ರು ಯಾರೋ?"

"ಎಣಿಸಿದವ ಸತ್ತ. ಹಕ್ಕಿ ಇನ್ನೂ ಅದ."

ಮೌಶಿ ನಕ್ಕದ್ದನ್ನು ನಾನು ಹೆಚ್ಚು ಕಂಡದ್ದು ಅವನ ಎದುರಿಗೇ. ಅವನ ಮಾತು ಹಿಂದುಸ್ಥಾನಿ ಬೆರೆತ ಹುಬ್ಬಳ್ಳಿ ಕನ್ನಡ, ಅದರಲ್ಲಿ ಅರ್ಧ ಕೈಸನ್ನೆ. ಅದರಲ್ಲೇ ತನ್ನ ಭಾಷೆಯಲ್ಲಿ ಆ ಹಕ್ಕಿ ಎಲ್ಲೆಲ್ಲಿ ಬಂದು ಕೂಡುತ್ತದೆ ಎಂದು ಹೇಳಿದ. ಮುಪ್ಪಾದರೂ ಗಟ್ಟಿಮುಟ್ಟಾಗಿ ಇರುವವರಿಗೆ ಕೊಕ್ಕರೆಯ ಕೂದಲು, ಕೂಸಿನ ಮುಖ ಎನ್ನುತ್ತಾರಂತೆ. ಹತ್ತು ಮಂದಿಯಲ್ಲಿ ಎದ್ದು ಕಾಣುವವನು ಕೋಳಿಗಳ ನಡುವೆ ನಿಂತ ಕೊಕ್ಕರೆ. ಇಷ್ಟು ಹೇಳಿ ನನ್ನ ಕಡೆ ಬೆರಳು ತೋರಿಸಿದ. ನಾನು ಆಗ ದಿನಾ ಮುಂಜಾನೆ ರೇಲ್ವೆಯಲ್ಲಿ ಧಾರವಾಡಕ್ಕೆ ಹೋಗಿ ಕಾಲೇಜು ಕಲಿಯುತ್ತಿದ್ದೆ.

"ಇಕಿ ಕೊಕ್ಕರೆ ಆದ್ರ ಕೋಳಿ ಯಾರು, ನಾವೇನು?" ಮೌಶಿ ಕೇಳಿದಳು.

ಅವನು ಕಿವಿ ಹಿಡಿದುಕೊಂಡ.

ಹಿರಿಯರು ತೀರಿದರೆ ಅವರಲ್ಲಿ ಸತ್ತರು ಎನ್ನುವುದಿಲ್ಲವಂತೆ. ಕೊಕ್ಕರೆಯ ಮೇಲೆ ಕೂತು ಪಡುವಣಕ್ಕೆ ಹೋದರು ಎನ್ನುತ್ತಾರೆ. ನಮ್ಮಲ್ಲಿ ತೆಂಕಣಕ್ಕೆ, ಅದೂ ಕೋಣದ ಹಿಂದೆ ಎಂದಳು ಮೌಶಿ. ನಿಮ್ಮದೇ ಛಲೋ ನೋಡು ಎಂದೂ ಸೇರಿಸಿದಳು.

ಅವನು ಹೇಳಿದ್ದರಲ್ಲಿ ಇನ್ನೊಂದಿದೆ. ಬಹಳ ಹಿಂದೆ ಅವರ ಕಡೆ ಒಂದು ದೊಡ್ಡ ದಂಡು ಸೋತು ಓಡುತ್ತಿತ್ತಂತೆ. ಹಿಂದೆ ಯಾರೂ ಬೆನ್ನು ಹತ್ತಿರಲಿಲ್ಲ. ಗಾಳಿ ಬೀಸಿತು, ಮೇಲೆ ಕೊಕ್ಕರೆಗಳು ಕೂಗಿದವು. ವೈರಿಗಳು ಬಂದರು ಎಂದು ಒಬ್ಬರನ್ನೊಬ್ಬರು ತುಳಿದುಕೊಂಡು ಸತ್ತರು. ಹೆದರಿದ ಮನುಷ್ಯನ ಬಗ್ಗೆ ಹೇಳುವಾಗ ಅವರು ಇಂದಿಗೂ ಗಾಳಿಯ ಸಪ್ಪಳ, ಕೊಕ್ಕರೆಯ ಕೂಗು ಎನ್ನುತ್ತಾರಂತೆ.

"ಹಕ್ಕಿ ಕೂಗಿದ್ರ ದಂಡು ಓಡತದೇನು? ಸುಳ್ಳ ಹೇಳಬ್ಯಾಡ," ಎಂದಳು ಮೌಶಿ.

ಅವನು ಬಾಗಿಲ ಮುಂದಿನ ರಂಗೋಲಿ ಪುಡಿಯನ್ನು ಚಿಟಿಕೆಯಲ್ಲಿ ತೆಗೆದುಕೊಂಡು ಕಟ್ಟೆಯ ಕಲ್ಲಿನ ಮೇಲೆ ಆ ಹಕ್ಕಿಯ ಅಕ್ಷರ ಬರೆದು ತೋರಿಸಿದ. ಮೌಶಿ ಕತ್ತು ಚಾಚಿ ಬಹಳ ಹೊತ್ತು ನೋಡಿದಳು. ಗೆರೆಯೆಲ್ಲ ನೆಟ್ಟಗೆ, ಓರೆ. ಇದು ಕಸೂತಿಗೆ ಬರುತ್ತದೆ ಎಂದಳು.

ಅವನ ಊರಿನ ಸುದ್ದಿಯನ್ನು ಒಮ್ಮೆ ಮಾತ್ರ ಕೇಳಿದೆವು. "ಜಪಾನ್ ಬಂದ. ಗಾಂವ್ ಖತಂ," ಎಂದು ಕೈಯಿಂದ ನೆಲ ಒರೆಸಿದಂತೆ ಮಾಡಿದ. ತಾಯಿ ಇದ್ದಾಳೋ ಇಲ್ಲವೋ ಎಂದು ಮೌಶಿ ಕೇಳಿದಳು. ಅವನು ಗಂಟು ಕಟ್ಟತೊಡಗಿದ.

ನಲವತ್ತೊಂದನೆಯ ಇಸವಿ, ಆ ವರ್ಷ ಅಕ್ಕನ ಲಗ್ನವಾಗಿತ್ತು. ಭಾವ ದಂಡಿನ ಉಗ್ರಾಣದಲ್ಲಿ ಕಾರಕೂನ. ಲಗ್ನವಾದ ಮೇಲೆ ಹೆಚ್ಚು ದಿನ ಊರಲ್ಲಿರಲಿಲ್ಲ, ಸಿಂಗಾಪುರಕ್ಕೆ ಹಾಕಿದರು. ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಚಳಿಗಾಲ ಶುರುವಾಗುವಾಗ ಜಪಾನಿಯವರು ಯುದ್ಧಕ್ಕೆ ಇಳಿದರು, ರಂಗೂನಿನ ಮೇಲೆ ಬಾಂಬು ಹಾಕಿದರು. ಸಿಂಗಾಪುರದಿಂದ ಬರುತ್ತಿದ್ದ ಪತ್ರ ನಿಂತವು.

ಹೊಸದಾಗಿ ಲಗ್ನವಾದವರಿಗೆ ಮೊದಲ ಸಂಕ್ರಾಂತಿಗೆ ಕರಿ ಚಂದ್ರಕಾಳಿ ಸೀರೆ ಉಡಿಸಿ ಕುಸುರೆಳ್ಳು ಬೀರಿಸುವುದು ನಮ್ಮ ಕಡೆಯ ಪದ್ಧತಿ. ಆ ಸೀರೆಗೆ ಕಸೂತಿ ಇರಲೇಬೇಕು. ಮೌಶಿ ಈ ಸಲ ಗೋಪುರ ಹಾಕಲಿಲ್ಲ, ತೇರು ಹಾಕಲಿಲ್ಲ. ಸೆರಗಿನ ತುಂಬ ಚೀನಪ್ಪನ ಹಕ್ಕಿ ಹಾಕಿದಳು. ಅಳಿಯನಿಗೆ ಆಯುಷ್ಯ ಬೇಕಾಗಿತ್ತು. ಯಾವ ದೇಶದ ಹಕ್ಕಿ ತಂದು ಕೊಟ್ಟರೇನು ಎಂದಳು.

ಕಸೂತಿಗೆ ಗೆರೆ ಬರೆದುಕೊಳ್ಳುವಂತಿಲ್ಲ. ಅರಿವೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವುದಿಲ್ಲ. ಹೋದ ದಾರಿಯಲ್ಲೇ ದಾರ ತಿರುಗಿ ಬಂದು, ಒಳಗೂ ಹೊರಗೂ ಒಂದೇ ರೂಪ ಕಾಣಬೇಕು. ಹೀಗೆ ಎಣಿಸಿ ಹಾಕುವ ಹೊಲಿಗೆ ನೆಟ್ಟಗೆ ಹೋಗುತ್ತದೆ, ಓರೆಗೆ ಹೋಗುತ್ತದೆ, ಬಾಗುವುದಿಲ್ಲ. ಚೀನಪ್ಪನ ರೇಶ್ಮೆಯ ಮೇಲೆ ಬಳುಕುತ್ತಿದ್ದ ಹಕ್ಕಿ ಮೌಶಿಯ ಕೈಯಲ್ಲಿ ಬೇರೆಯಾಯಿತು. ಕತ್ತು ನೆಟ್ಟಗೆ ಮುಂದಕ್ಕೆ, ಕಾಲು ನೆಟ್ಟಗೆ ಹಿಂದಕ್ಕೆ, ರೆಕ್ಕೆ ಎರಡೂ ಪಕ್ಕಕ್ಕೆ ಕೋಲಿನಂತೆ. ಅವು ಆಕಾಶದಲ್ಲಿ ಓರೆ ಸಾಲು ಕಟ್ಟಿ ಹಾರುತ್ತವೆ ಎಂದು ಅವನು ಇನ್ನೊಮ್ಮೆ ಹೇಳಿದ್ದ. ಹಾಗೆಯೇ ಸಾಲು ಕಟ್ಟಿದಳು. ಕರಿಯ ಮೇಲೆ ಬಿಳಿ ದಾರ. ನಮ್ಮ ಮನೆಯಲ್ಲಿ ಎಲ್ಲರಿಗೂ ಅದು ಹಕ್ಕಿಯಾಗಿಯೇ ಕಂಡಿತು. ಹಕ್ಕಿ ಎಂದು ತಿಳಿದುಕೊಂಡೇ ನೋಡಿದ್ದೆವು.

ಊರು ಆಗ ಬೇರೆ ಹವೆಯಲ್ಲಿತ್ತು. ರೇಲ್ವೆ ಕಾರಖಾನೆ ಇರುವ ಊರು, ಮುಂದಿನ ಬಾಂಬು ಇಲ್ಲಿಯೇ ಎಂದು ಪೇಟೆಯಲ್ಲಿ ಮಾತು. ಕಿಟಕಿಯ ಗಾಜಿಗೆ ಕರಿ ಕಾಗದ ಅಂಟಿಸಿದ್ದರು. ವಿಮಾನದಾಳಿಯ ಕಾವಲಿಗೆಂದು ತೋಳಿಗೆ ಪಟ್ಟಿ ಕಟ್ಟಿಕೊಂಡ ಜನ ಮನೆ ಮನೆಗೆ ಬಂದು, ಮೇಲೆ ಸಪ್ಪಳ ಕೇಳಿದರೆ ಬಯಲಿನಲ್ಲಿ ನಿಲ್ಲಬೇಡಿ, ಓಡಿ ಗೋಡೆಯ ಮರೆ ಸೇರಿರಿ ಎಂದು ಹೇಳಿ ಹೋಗಿದ್ದರು.

ಸಂಕ್ರಾಂತಿಯ ಮಧ್ಯಾಹ್ನ ಅಕ್ಕನೂ ನಾನೂ ಓಣಿಯ ದೊಡ್ಡ ಮನೆಗೆ ಅರಿಷಿನ ಕುಂಕುಮಕ್ಕೆ ಹೋದೆವು. ಆ ಮನೆಯ ಯಜಮಾನಿ ಕುಸುರೆಳ್ಳು ಕೊಡುತ್ತ ಅಕ್ಕನ ಸೆರಗು ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಯ್ಯ ನಮ್ಮವ್ವಾ, ಸೀರಿ ತುಂಬ ವಿಮಾನ ಹಾರ್ಲಿಕ್ಕತ್ತಾವಲ್ಲ! ಗಂಡ ಸಿಂಗಾಪುರದಿಂದ ಕಳಿಸ್ಯಾನೇನು?"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಾನೂ. ಆಗ ನೋಡಿದೆ: ನಿಜವಾಗಿಯೂ ವಿಮಾನ. ಒಮ್ಮೆ ಹಾಗೆ ಕಂಡ ಮೇಲೆ ಅದು ತಿರುಗಿ ಹಕ್ಕಿಯಾಗಲಿಲ್ಲ.

ಆ ನಗೆ ಮುಗಿಯುವ ಮೊದಲೇ ಮೂಲೆಯಿಂದ ಯಾರೋ ಕೇಳಿದರು: "ಇಂಥಾ ನಮೂನಿ ಎಲ್ಲಿಂದ ಬಂತಽ?"

"ಚೀನಪ್ಪ ತೋರಿಸಿದ್ದು," ಎಂದಳು ಅಕ್ಕ.

ಅಷ್ಟೆ. ಆ ಮನೆಯ ಪಡಸಾಲೆಯಲ್ಲಿ ಎಷ್ಟೋ ಸಲ ತಿರುಗಿ ಹೋಗಿ ಕೂತಿದ್ದೇನೆ, ಮನಸ್ಸಿನಲ್ಲಿ. ಆ ಪ್ರಶ್ನೆ ಬರುವ ಮೊದಲು ಹಾಲಿನ ಲೋಟ ಬೀಳಲಿ, ಕೂಸು ಅಳಲಿ, ಯಾರಾದರೂ ಬಾಗಿಲು ಬಡಿಯಲಿ ಎಂದು ಕಾಯುತ್ತೇನೆ. ಏನೂ ಬೀಳುವುದಿಲ್ಲ. ಅಕ್ಕ ಅದೇ ಮಾತು ಹೇಳುತ್ತಾಳೆ.

ಸಂಕ್ರಾಂತಿಯ ಮರುದಿನ ಕರಿ. ಆ ದಿನ ಒಳ್ಳೆಯ ಕೆಲಸಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಕಾಲೇಜಿಗೆ ರಜೆ ಇತ್ತು. ಅಪ್ಪ ಕೋರ್ಟಿನ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದರು. ಮೌಶಿ ಮಡಿಯಲ್ಲಿ ಒಲೆಯ ಮುಂದೆ ಇದ್ದಳು. ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆ. ನಮ್ಮ ಮನೆಗೆ ಹತ್ತಿರವೇ, ಓಣಿಯ ಬಾಯಿಯಲ್ಲಿ, ಸೈಕಲ್ ದುರಸ್ತಿ ಮಾಡುವ ಚಾಚಾನ ಅಂಗಡಿಯ ಮುಂದೆ, ಜನ ನಿಂತಿದ್ದರು. ಹಬ್ಬದ ಮರುದಿನ, ಕೆಲಸವಿಲ್ಲ, ಮಾತಾಡುತ್ತ ನಿಂತಿದ್ದಾರೆ ಎಂದುಕೊಂಡೆ. ಅವರು ಕಾಯುತ್ತಿದ್ದರು.

ಹಬ್ಬವಾದ ಮೇಲೆ ಬಂದು ಸೀರೆ ನೋಡಿ ಹೋಗು ಎಂದು ಮೌಶಿ ಚೀನಪ್ಪನಿಗೆ ಹೇಳಿದ್ದಳು. ಓಣಿಯಲ್ಲಿ ಅದೂ ಗೊತ್ತಾಗಿತ್ತು. ಅವನು ಬಂದ. ಬೆಲ್ ಬಾರಿಸಿಕೊಂಡೇ ಬಂದ.

ಸೈಕಲ್ಲಿನ ಹಿಡಿಕೆ ಹಿಡಿದು ನಿಲ್ಲಿಸಿದರು. ಗಂಟು ಕೆಳಗೆ ಬಿತ್ತು. ತೋಳಿಗೆ ಪಟ್ಟಿ ಕಟ್ಟಿದ ಒಬ್ಬ ಅದನ್ನು ಕಾಲಿನಿಂದ ಬಿಚ್ಚಿದ. ರೇಶ್ಮೆ ಧೂಳಿನಲ್ಲಿ ಹರವಿಕೊಂಡಿತು.

"ನೋಡ್ರಿ, ಇದರಾಗೂ ಅದ ವಿಮಾನ ಐತಿ! ಮನಿ ಮನಿಗೆ ಗುರುತು ಹಂಚಾಕತ್ತಾನ. ಈ ಸೀರಿ ಒಣಗ ಹಾಕಿದ ಮನಿ ಬಿಟ್ಟು ಉಳಿದವಕ್ಕ ಬಾಂಬ್ ಒಗೀತಾರ."

"ಭಾಯಿ, ಇಂವಾ ಎಂಟ ಹತ್ತ ವರ್ಷದಿಂದ ನನ್ನ ಕಡೆ ಪಂಕ್ಚರ್ ಹಾಕಿಸಿಕೊಂಡಾನ, ಜಪಾನದಾಂವ ಅಲ್ಲ," ಎಂದು ಚಾಚಾ ನಡುವೆ ಬಂದ.

"ನಿನ್ನ ಅಂಗಡಿ ಬಾಗಲಾ ಮುಚ್ಚಿಕೋ ಚಾಚಾ. ಇಲ್ಲಾಂದ್ರ ನಾವು ಮುಚ್ಚತೇವಿ."

ಮೊದಲ ಏಟು ಯಾರು ಹಾಕಿದರೋ ಕಾಣಲಿಲ್ಲ. ಟೊಪ್ಪಿಗೆ ಹಾರಿ ಗಟಾರದಲ್ಲಿ ಬಿದ್ದದ್ದು ಕಂಡಿತು. ಅವನು ಕೈ ಎತ್ತಲಿಲ್ಲ. ಎರಡೂ ಕೈಯಿಂದ ಸೈಕಲ್ ಹಿಡಿದುಕೊಂಡೇ ಇದ್ದ. ನಾನು ಕೂಗಿದೆ. ಚೀನ ನಮ್ಮ ಕಡೆಯ ದೇಶ, ಜಪಾನಿಯವರು ಅವನ ಊರನ್ನೇ ಸುಟ್ಟಿದ್ದಾರೆ, ಪೇಪರಿನಲ್ಲಿ ಬಂದಿದೆ, ಓದಿ ನೋಡಿ ಎಂದು ಕೂಗಿದೆ.

"ಕಾಲೇಜ್ ಕಲತಾಕಿ ಹೇಳ್ಯಾಳ, ಕೇಳ್ರೆಪಾ!" ಎಂದ ಒಬ್ಬ. "ಮಾರಿ ನೋಡಿದ್ರ ಸಾಕು, ಒಂದ ಅಚ್ಚಿನ್ಯಾಗ ತಗದಾರ."

"ಆ ಸೀರಿ ತರಸ್ರಿ. ಸೀರಿ, ಗಂಟು, ಇಂವಾ, ಎಲ್ಲಾ ಕೂಡೇ ಸುಡೋಣು."

ಒಬ್ಬನ ಕೈಯಲ್ಲಿ ಚಿಮಣಿ ಎಣ್ಣೆಯ ಡಬ್ಬಿ ಇತ್ತು. ಅದು ಚಾಚಾನ ಅಂಗಡಿಯದು. ಅದರ ವಾಸನೆ ಕಟ್ಟೆಯವರೆಗೂ ಬಂತು. ಬಾಯಿಮಾತಿಗೆ ಅಂದದ್ದಲ್ಲ ಎಂದು ನನಗೆ ಆಗ ತಿಳಿಯಿತು.

ಹಿಂದೆ ಬಾಗಿಲ ಸಪ್ಪಳವಾಯಿತು. ಮೌಶಿ ಕೈಯ ಮೇಲೆ ಕರಿ ಸೀರೆ ಹಾಕಿಕೊಂಡು ಬಂದಿದ್ದಳು. ಹೊಸ್ತಿಲ ಹತ್ತಿರ ನಿಲ್ಲಲಿಲ್ಲ. ಕಟ್ಟೆ ಇಳಿದು ಓಣಿಗೆ ಕಾಲಿಟ್ಟಳು. ಅಕ್ಕ ಒಳಗಿನಿಂದ ಚೀರಿದಳು.

ಜನ ಸರಿದರು. ನನಗೆ ಅದು ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕರಿಯ ದಿನ, ಎದುರಿಗೆ ಮಡಿಯಲ್ಲಿರುವ ಬೋಳು ತಲೆಯ ವಿಧವೆ. ಮೈಗೆ ಮೈ ತಾಕೀತು ಎಂದು ಎಡಕ್ಕೂ ಬಲಕ್ಕೂ ಗೋಡೆಗೆ ಒತ್ತಿಕೊಂಡರು. ಎಣ್ಣೆಯ ಡಬ್ಬಿ ಹಿಡಿದವನೂ ಒತ್ತಿಕೊಂಡ. ಆ ದಾರಿಯಲ್ಲಿ ಅವಳು ನಡೆದು ಹೋಗಿ ಚೀನಪ್ಪನ ಪಕ್ಕದಲ್ಲಿ ನಿಂತಳು. ಅವಳು ಓಣಿಯಲ್ಲಿ ಹಾಗೆ ನಿಂತದ್ದು ನಾನು ಕಂಡಿರಲಿಲ್ಲ.

"ಸೀರಿ ಬೇಕೇನು? ತಗೋರಿ, ನೋಡ್ರಿ," ಎಂದು ಸೆರಗು ಬಿಚ್ಚಿ ಹಿಡಿದಳು. "ಇದನ್ನ ಹಾಕಿದಾಕಿ ನಾನು. ಇದು ಕತ್ತು. ಇದು ಕಣ್ಣು. ಇವು ಕಾಲು. ವಿಮಾನಕ್ಕ ಕಾಲ ಇರ್ತಾವೇನೋ? ನಿನ್ನ ಕೂಸಿನ ಕುಂಚಿಗಿ ಮ್ಯಾಲೆ ಗಿಳಿ ಹಾಕಿದ್ದೂ ನಾನಽ. ಆವಾಗ ಬಾಂಬ್ ಬಿತ್ತೇನು? ಸುಡೂದಿದ್ರ ನನ್ನ ಕೈ ಸುಡ್ರಿ."

ಕುಂಚಿಗೆಯ ಮಾತು ಕೇಳಿದವನು ತಲೆ ತಗ್ಗಿಸಿದ. ಹಿಂದಿನಿಂದ ಯಾರೋ, "ಕಾಲು ಅದಾವ ನೋಡಪಾ, ಖರೇನ," ಎಂದ. ಇನ್ನೊಬ್ಬ ಕಿಸಕ್ಕೆಂದ. ಚಾಚಾ ಮೆಲ್ಲಗೆ ಎಣ್ಣೆಯ ಡಬ್ಬಿಗೆ ಕೈ ಹಾಕಿ ತೆಗೆದುಕೊಂಡ, ಹಿಡಿದವನು ಬಿಟ್ಟುಕೊಟ್ಟ. ತೋಳಪಟ್ಟಿಯವನು ಸೋಲಲೊಲ್ಲದೆ ಸೆರಗು ಜಗ್ಗಿದ. ಅವನ ಉಂಗುರಕ್ಕೆ ಒಂದು ಹಕ್ಕಿಯ ದಾರ ಸಿಕ್ಕಿತು. ಗಂಟಿಲ್ಲದ ದಾರ, ಸರಸರ ಬಿಚ್ಚಿಕೊಂಡು ಬಂತು. ಅದಕ್ಕೂ ಜನ ನಕ್ಕರು. ಮುಗಿಯಿತು, ಇನ್ನು ಮನೆಗೆ ಹೋಗುತ್ತಾರೆ ಎಂದು ನಾನು ಉಸಿರು ಬಿಟ್ಟೆ.

ಆಗ ಮೇಲೆ ಕೂಗು ಕೇಳಿತು.

ದೂರದಿಂದ, ಎತ್ತರದಿಂದ, ಒಡೆದ ಕಹಳೆಯಂಥ ಗೊರಗೊರ ಸದ್ದು, ಒಂದರ ಮೇಲೊಂದು. ಓಣಿ ಇಕ್ಕಟ್ಟು, ಎರಡೂ ಕಡೆ ಮಾಳಿಗೆ. ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು, ಅದರಲ್ಲಿ ಏನೂ ಇರಲಿಲ್ಲ. ಎಲ್ಲರೂ ಒಮ್ಮೆಲೇ ಮೇಲೆ ನೋಡಿದರು.

"ವಿಮಾನ!"

ಯಾರ ದನಿ ಎಂದು ಗೊತ್ತಿಲ್ಲ. ಬೇಕೆಂದು ಕೂಗಿದ್ದಲ್ಲ, ಅಂಜಿದ ದನಿ ಅದು. ಗದ್ದಲಕ್ಕೆ ಅಂಜಿ ಮನೆಗಳವರು ಬಾಗಿಲಿಗೆ ಅಗಳಿ ಹಾಕಿಕೊಂಡಿದ್ದರು, ನಮ್ಮ ಓಣಿಗೆ ಬಾಯಿ ಒಂದೇ. ಆ ಬಾಯಿಯ ಹತ್ತಿರ ಸೈಕಲ್ಲು, ರೇಶ್ಮೆಯ ಗಂಟು, ಚೀನಪ್ಪ, ಮೌಶಿ. ಅಷ್ಟೂ ಜನ ಅಲ್ಲಿಂದಲೇ ಹೊರಬಿದ್ದರು. ನಾನು ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ನನ್ನ ಮೊಣಕಾಲಿಗೆ ಭುಜಗಳು ತಾಕುತ್ತ ಹೋದವು. ಕೆಂಪು ಸೀರೆ ಒಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ. ಮುಟ್ಟಬಾರದು ಎಂದು ಗೋಡೆಗೆ ಒತ್ತಿಕೊಂಡವರೇ ಅವಳನ್ನು ತುಳಿದು ಹೋದರು.

ಓಣಿ ಖಾಲಿಯಾದಾಗ ಚಪ್ಪಲಿಗಳು ಬಿದ್ದಿದ್ದವು. ಚೀನಪ್ಪ ಸೈಕಲ್ಲಿನ ಕೆಳಗೆ ಇದ್ದ. ಅದರ ಚೌಕಟ್ಟು ಅವನ ಮೈಮೇಲೆ ಅಡ್ಡಬಿದ್ದು ಅವನನ್ನು ಉಳಿಸಿತ್ತು. ಮೌಶಿ ಗಟಾರದ ಕಲ್ಲಿನ ಮೇಲೆ. ನಾನು ಅವಳ ಹತ್ತಿರ ಕೂತಾಗ ನೆರಳೊಂದು ಹಾದಂತಾಯಿತು. ಕತ್ತೆತ್ತಿದೆ. ಆಕಾಶದ ಆ ಪಟ್ಟಿಯಲ್ಲಿ ಕೊಕ್ಕರೆಗಳು ಹೋಗುತ್ತಿದ್ದವು. ಕತ್ತು ಮುಂದೆ, ಕಾಲು ಹಿಂದೆ, ಓರೆ ಸಾಲು.

ಚಾಚಾನೂ ನಾನೂ ಮೌಶಿಯನ್ನು ಒಳಗೆ ತಂದೆವು. ಚೀನಪ್ಪನೂ ಒಳಗೆ ಬಂದ. ಅಷ್ಟು ವರ್ಷ ದಾಟದಿದ್ದ ಹೊಸ್ತಿಲನ್ನು ಬಾಯಿಂದ ರಕ್ತ ಒರೆಸಿಕೊಳ್ಳುತ್ತ ದಾಟಿ, ಅವಳ ಹಾಸಿಗೆಯಿಂದ ದೂರ, ಗೋಡೆಯ ಹತ್ತಿರ ಮೊಣಕಾಲೂರಿ ಕೂತ. ಮೌಶಿಗೆ ಎಚ್ಚರವಿತ್ತು. ಉಸಿರು ಎಳೆಯುವಾಗ ಎದೆಯಲ್ಲಿ ಸಪ್ಪಳವಾಗುತ್ತಿತ್ತು.

"ನಿನ್ನ ದಂಡಿನ ಕತಿ ಸುಳ್ಳಂದಿದ್ದೆ ಚೀನಪ್ಪಾ," ಎಂದಳು. "ಖರೇ ಅದ."

ಜನ ತಿರುಗಿ ಬರಬಹುದಿತ್ತು, ಅವನು ಅಲ್ಲಿ ಉಳಿಯುವಂತಿರಲಿಲ್ಲ. ಚಾಚಾ ತನ್ನ ಹೆಂಡತಿಯ ಬುರ್ಖಾ ತಂದು ಹೊದಿಸಿದ. ಆ ಹೆಂಗಸನ್ನೂ ಜೊತೆಗೆ ಕೂಡಿಸಿ, ಟಾಂಗಾದ ಪರದೆ ಬಿಟ್ಟು, ಹುಬ್ಬಳ್ಳಿ ಸ್ಟೇಶನ್ ಬೇಡವೆಂದು ರಾಯಾಪುರದ ಮೇಲಿಂದ ಧಾರವಾಡಕ್ಕೆ ಒಯ್ದು ಮುಂಬಯಿ ಕಡೆಯ ಗಾಡಿ ಹತ್ತಿಸಿದ. ದಾರಿಯಲ್ಲಿ ಟಾಂಗಾ ಎರಡು ಕಡೆ ನಿಂತಿತಂತೆ. ಪ್ರತಿ ಸಲ ಚೀನಪ್ಪ ಬುರ್ಖಾದ ಒಳಗೆ ಏನೋ ಗೊಣಗುತ್ತಿದ್ದ, ಅಳುತ್ತಿದ್ದನೋ ಜಪ ಮಾಡುತ್ತಿದ್ದನೋ ಗೊತ್ತಾಗಲಿಲ್ಲ ಎಂದ ಚಾಚಾ. ಅವನು ಮತ್ತೆ ಬರಲಿಲ್ಲ. ಬದುಕಿ ಹೋದ ಎನ್ನುವುದಷ್ಟೇ ನನಗೆ ಗೊತ್ತು.

ರಥಸಪ್ತಮಿಗೆ ಮೊದಲೇ ಮೌಶಿ ಹೋದಳು. ಅವಳನ್ನು ಹೊರಲು ಓಣಿಯ ಜನವೇ ಬಂದರು. ಯಾರು ಯಾರು ಎಂದು ನಾನು ಒಬ್ಬೊಬ್ಬರ ಕಾಲು ನೋಡಿದೆ. ತೋಳಪಟ್ಟಿಯವನು ಬಂದಿದ್ದ, ಪಟ್ಟಿ ಬಿಚ್ಚಿದ್ದ. ಅಪ್ಪನ ಕೈ ಹಿಡಿದು, "ಏನ ಮಾಡೋದ್ರಿ, ವಿಮಾನ ಬಂದ್ವು," ಎಂದು ಅತ್ತ. ನಾಟಕವಲ್ಲ, ನಿಜವಾಗಿ ಅತ್ತ. ಓಣಿಯಲ್ಲಿ ಇಂದಿಗೂ ಹಾಗೆಯೇ ಹೇಳುತ್ತಾರೆ: ಆ ಕರಿಯ ದಿನ ಹುಬ್ಬಳ್ಳಿಯ ಮೇಲೆ ಜಪಾನಿನ ವಿಮಾನ ಹಾದವು, ಪುಣ್ಯಕ್ಕೆ ಬಾಂಬು ಹಾಕಲಿಲ್ಲ, ಒಬ್ಬ ಮುದುಕಿ ಕಾಲ್ತುಳಿತದಲ್ಲಿ ಸತ್ತಳು. ಮೌಶಿಗೆ ಆಗ ನಲವತ್ತೂ ತುಂಬಿರಲಿಲ್ಲ.

ಸುಡಲು ಒಯ್ದ ಮೇಲೆ ನಾನು ಹಿತ್ತಲಿನಲ್ಲಿ ಒಬ್ಬಳೇ ನಿಂತು ಪಡುವಣದ ಕಡೆ ನೋಡಿದೆ. ಅಲ್ಲಿ ಏನೂ ಹಾರುತ್ತಿರಲಿಲ್ಲ.

ಆಮೇಲೆ ಸಿಂಗಾಪುರ ಬಿದ್ದ ಸುದ್ದಿ ಬಂತು. ಅಕ್ಕ ಕರಿ ಸೀರೆಯನ್ನು ತೊಳೆಯಲಿಲ್ಲ, ಸುಡಲೂ ಬಿಡಲಿಲ್ಲ. ಮಣ್ಣು ಜಾಡಿಸಿ ಮಡಿಚಿ ಟ್ರಂಕಿನ ತಳದಲ್ಲಿ ಇಟ್ಟಳು. ಯುದ್ಧ ಮುಗಿದ ಮೇಲೆ ಭಾವ ತಿರುಗಿ ಬಂದರು. ಜಪಾನಿಯವರ ಸೆರೆಯಲ್ಲಿದ್ದರಂತೆ. ಸ್ಟೇಶನ್ನಿನಲ್ಲಿ ನಮಗೆ ಗುರುತು ಹತ್ತಲಿಲ್ಲ. ಮೂವತ್ತರ ಆಚೆ ಈಚೆಯ ಮನುಷ್ಯ, ತಲೆ ಪೂರ್ತಿ ಬೆಳ್ಳಗಾಗಿತ್ತು. ಕೊಕ್ಕರೆಯ ಕೂದಲು ಎಂದು ನನ್ನ ಮನಸ್ಸಿನಲ್ಲಿ ಬಂತು. ಕೂಸಿನ ಮುಖ ಎಂಬ ಮಾತು ಬರಲಿಲ್ಲ. ಅವರೂ ಗೋಡೆಗೆ ಬೆನ್ನು ಹಚ್ಚಿಯೇ ಕೂಡುತ್ತಾರೆ.

ಹೋದ ಸಂಕ್ರಾಂತಿಗೆ ಅಕ್ಕ ಮೊದಲ ಸಲ ಆ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಉಡಲಿಲ್ಲ. ಭಾವ ಹಗ್ಗದ ಹತ್ತಿರ ಹೋಗಿ ಸೆರಗಿನ ಹಕ್ಕಿಗಳನ್ನು ನೋಡುತ್ತ ನಿಂತರು. ಒಂದು ಕಡೆ ಸಾಲು ತಪ್ಪಿತ್ತು. ಅಲ್ಲಿ ದಾರವಿಲ್ಲ, ಕರಿ ಅರಿವೆಯ ಮೇಲೆ ಸೂಜಿ ಹೋದ ತೂತುಗಳಷ್ಟೇ ಇದ್ದವು, ಬಿಸಿಲು ಹಿಂದಿನಿಂದ ಬಂದದ್ದರಿಂದ ಒಂದೊಂದೂ ಕಾಣುತ್ತಿತ್ತು.

"ಇಲ್ಲೊಂದು ಹಕ್ಕಿ ಇತ್ತೇನು?" ಎಂದು ಕೇಳಿದರು.

"ಇತ್ತರಿ," ಎಂದಳು ಅಕ್ಕ.

ಅವರು ಆ ತೂತುಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಕತ್ತು, ರೆಕ್ಕೆ, ಕಾಲು.